ಗುಹಾಸುರ ಬರೆಸಿಕೊಂಡ ಪಟ್ಟಿ

ಹರಿಹರದ ಸ್ಥಳಪುರಾಣದಲ್ಲಿ ನನ್ನನ್ನು ಹೆಚ್ಚು ಕಾಡುವವನು ಹರಿಯೂ ಅಲ್ಲ, ಹರನೂ ಅಲ್ಲ. ಸೋತು ಸತ್ತ ಗುಹಾಸುರ. ಉಚ್ಚಂಗಿದುರ್ಗದಿಂದ ಐರಣಿಯವರೆಗೆ ಹಬ್ಬಿದ್ದ ಗುಹಾರಣ್ಯ ಅವನದಂತೆ. ತಪಸ್ಸು ಮಾಡಿ ಬ್ರಹ್ಮನನ್ನು ಒಲಿಸಿಕೊಂಡ. ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು ಎಂದು ವರ ಬೇಡಿದ. ಲೋಕದಲ್ಲಿ ತನ್ನನ್ನು ಕೊಲ್ಲುವ ತಾಕತ್ತಿರುವವರು ಇಬ್ಬರೇ ಎಂದು ಲೆಕ್ಕ ಹಾಕಿ, ಇಬ್ಬರ ಹೆಸರನ್ನೂ ಬರೆಸಿ, ನಿಶ್ಚಿಂತೆಯಿಂದ ಊರ ಮೇಲೆ ಬಿದ್ದ. ಅವರಿಬ್ಬರೂ ಒಂದೇ ದೇಹವಾಗಿ ಬಂದರು. ಬಲಕ್ಕೆ ಹರ, ಎಡಕ್ಕೆ ಹರಿ. ವರದ ಒಂದಕ್ಷರವೂ ಸುಳ್ಳಾಗಲಿಲ್ಲ, ಅಸುರ ಉಳಿಯಲೂ ಇಲ್ಲ.

ಭಕ್ತರು ಇದರಲ್ಲಿ ಶೈವ ವೈಷ್ಣವರ ಸಮನ್ವಯವನ್ನು ಕಾಣುತ್ತಾರೆ. 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಈ ಗುಡಿ ಕಟ್ಟಿಸಿದಾಗ ಅವನ ಮನಸ್ಸಿನಲ್ಲಿ ಇದ್ದದ್ದೂ ಅದೇ ಇರಬೇಕು. ನಾನೋ ವಿದ್ಯುತ್ ಇಲಾಖೆಯಲ್ಲಿ ಕೆ.ಇ.ಬಿ. ಕಾಲದಲ್ಲಿ ಸ್ಟೇಷನ್ ಆಪರೇಟರ್ ಆಗಿ ಸೇರಿ ಕೆ.ಪಿ.ಟಿ.ಸಿ.ಎಲ್.ನಲ್ಲಿ ನಿವೃತ್ತನಾದವನು. ಕಡೆದು ನುಣುಪು ಮಾಡಿದ ಆ ಕಂಬಗಳ ನಡುವೆ ಕೂತಾಗಲೆಲ್ಲ ನನಗೆ ಬರುವ ಯೋಚನೆ ಬೇರೆ: ಅಸುರನ ಪಟ್ಟಿಯಲ್ಲಿ ತಪ್ಪೇ ಇರಲಿಲ್ಲವಲ್ಲ, ಆದರೂ ಸತ್ತದ್ದು ಹೇಗೆ?

ಈ ಪ್ರಶ್ನೆಗೆ ಇತ್ತೀಚೆಗೆ ಹೊಸ ಚುರುಕು ಬಂದದ್ದು ತಮ್ಮನ ಮಗಳಿಂದ. ಬೆಂಗಳೂರಿನಲ್ಲಿ ಅವಳ ಉದ್ಯೋಗ ಏನೆಂದರೆ, ವಿದ್ಯುತ್ ಘಟಕ, ನೀರಿನ ಪಂಪ್‌ಹೌಸ್, ತೈಲದ ಡಿಪೋಗಳಿಗೆ ಹೋಗಿ, ಅಲ್ಲಿನ ಕಂಪ್ಯೂಟರುಗಳ ಹಾದಿಯಲ್ಲಿ ಯಾರಾದರೂ ನುಗ್ಗಿದರೆ ಏನೇನು ಕೆಡಬಹುದೆಂದು ಅಳೆದು ವರದಿ ಕೊಡುವುದು. ಹಬ್ಬಕ್ಕೆ ದಾವಣಗೆರೆಗೆ ಬಂದಾಗ ತನ್ನ ಖಾಲಿ ನಮೂನೆ ತೋರಿಸಿದಳು. ಎಡಗಡೆ ಯಂತ್ರದ ಹೆಸರು, ಪಕ್ಕಕ್ಕೆ ಅದಕ್ಕಿರುವ ಬೆದರಿಕೆ, ಅದರ ದೌರ್ಬಲ್ಯ. ಆಮೇಲೆ ಸಂಭವಕ್ಕೆ 1ರಿಂದ 5ರವರೆಗೆ ಅಂಕ, ಪರಿಣಾಮಕ್ಕೆ 1ರಿಂದ 5. ಎರಡನ್ನೂ ಗುಣಿಸಿದರೆ ಅಪಾಯ. 25 ಬಂದರೆ ಕೆಂಪು, 2 ಬಂದರೆ ಹಸಿರು.

"ಇದು ಗುಹಾಸುರನ ಅರ್ಜಿ ಫಾರಂ ಕಣವ್ವಾ" ಅಂದೆ.

"ಪಟ್ಟಿ ಇಲ್ದಿದ್ರೆ ದುಡ್ಡು ಯಾರು ಮಂಜೂರು ಮಾಡ್ತಾರೆ ದೊಡ್ಡಪ್ಪಾ?" ಅಂದಳು. ಮಾತು ಸರಿಯೇ. ಆದರೂ ನನ್ನ ಪ್ರಶ್ನೆ ದುಡ್ಡಿನದಲ್ಲ. ಭಯವನ್ನು ಪಟ್ಟಿ ಮಾಡಿ ತೀರಿಸಲು ಬರುತ್ತದೆಯೇ? ನಮ್ಮ ದೇವರುಗಳೆಲ್ಲ ಕೈ ಎತ್ತಿ ತೋರಿಸುವ ಅಭಯ, ಪಟ್ಟಿಯ ಕೊನೆಯ ಸಾಲು ತುಂಬಿದ ಮೇಲೆ ಸಿಗುವಂಥದ್ದೇ?

ಪುರಾಣದ ಅಸುರರೆಲ್ಲ ಈ ವಿದ್ಯೆಯಲ್ಲಿ ಪಳಗಿದವರೇ. ರಾವಣ ದೇವ, ದಾನವ, ಯಕ್ಷರನ್ನೆಲ್ಲ ಸೇರಿಸಿ ಮನುಷ್ಯರನ್ನು ಬಿಟ್ಟ. ಮರೆತು ಬಿಟ್ಟದ್ದಲ್ಲ, ಇವರೇನು ಮಹಾ ಎಂದು ಬಿಟ್ಟದ್ದು. ಹಾಗೆ ಬಿಡುವುದನ್ನು ನಾನೂ ಕಂಡಿದ್ದೇನೆ. ನಿವೃತ್ತಿಯಾದ ಮೇಲೆ ರಿಲೇ ನೋಡಿಕೊಡಿ ಎಂದು ಒಂದು ಕೋಜನ್ ವಿದ್ಯುತ್ ಘಟಕದವರು ನನ್ನನ್ನು ಕರೆಸಿದ್ದರು. ಹೊರಜಿಲ್ಲೆ, ಹೆಸರು ಬೇಡ. ಟರ್ಬೈನ್ ಕಂಟ್ರೋಲ್ ರೂಮಿನ ಬಾಗಿಲಿಗೆ ಬೆರಳಚ್ಚಿನ ಬೀಗ, ಹೊರಗೆ ಕಾವಲಿನವ, ನನ್ನ ಟಿಫನ್ ಡಬ್ಬಿಯನ್ನೂ ತೆಗೆಸಿ ನೋಡಿದರು. ಅಷ್ಟರಲ್ಲಿ ಸರ್ವಿಸ್ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಸೀದಾ ಒಳಗೆ ಬಂದು ಪ್ಯಾನೆಲ್ಲಿಗೆ ವೈರ್ ಚುಚ್ಚಿದ. ಹಿಂದಿನ ದಿನ ಅದೇ ಲ್ಯಾಪ್‌ಟಾಪು ಇನ್ಯಾವ ಊರಿನ ಯಾವ ಪ್ಯಾನೆಲ್ಲಿಗೆ ಚುಚ್ಚಿಸಿಕೊಂಡಿತ್ತೋ, ಕೇಳುವವರಿಲ್ಲ. ಪಾಪದ ಹುಡುಗ, ಅವನನ್ನು ಯಾರು ಪಟ್ಟಿಗೆ ಸೇರಿಸುತ್ತಾರೆ?

ಹಿರಣ್ಯಕಶಿಪು ಒಳಗೂ ಬೇಡ ಹೊರಗೂ ಬೇಡ ಎಂದ, ಹೊಸ್ತಿಲು ಉಳಿಯಿತು. ಇರಾನಿನ ನತಾಂಜ್ ಯುರೇನಿಯಂ ಘಟಕದ ಯಂತ್ರಗಳಿಗೆ ಹೊರಜಾಲದ ಸಂಪರ್ಕವೇ ಇರಲಿಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಪೆನ್‌ಡ್ರೈವಿನಲ್ಲಿ ಕೂತು ಹೊಸ್ತಿಲು ದಾಟುವಂತೆ ಹೆಣೆದದ್ದು.

ಆದರೆ ಗುಹಾಸುರನ ಸೋಲು ರಾವಣ, ಹಿರಣ್ಯಕಶಿಪುಗಳ ಸೋಲಿಗಿಂತ ಸೂಕ್ಷ್ಮ. ಅವನು ಯಾರನ್ನೂ ಕಡೆಗಣಿಸಲಿಲ್ಲ, ಸಂದು ಬಿಡಲಿಲ್ಲ. ಎರಡು ಸಾಲು ಬರೆಸಿದ, ಎರಡೂ ಸರಿ. ಸಾಲುಗಳು ಒಂದಕ್ಕೊಂದು ಕೂಡಿಕೊಳ್ಳಬಹುದು ಎಂಬುದೊಂದು ಹೊಳೆಯಲಿಲ್ಲ. 2015ರ ಡಿಸೆಂಬರ್ 23ರ ಸಂಜೆ ಉಕ್ರೇನಿನಲ್ಲಿ ನಡೆದದ್ದು ಇದೇ. ಮೂರು ವಿದ್ಯುತ್ ವಿತರಣಾ ಕಂಪನಿಗಳ ನೌಕರರಿಗೆ ತಿಂಗಳುಗಳ ಹಿಂದೆ ಒಂದು ಇಮೇಲ್ ಬಂದಿತ್ತು, ಜೊತೆಗೊಂದು ಕಡತ. ಅದನ್ನು ತೆರೆದವರ ಕಂಪ್ಯೂಟರಿನಲ್ಲಿ ಕೂತವರು ಪಾಸ್‌ವರ್ಡುಗಳನ್ನು ಕಲೆಹಾಕುತ್ತ ಕಾದರು. ಆ ಸಂಜೆ ಆಪರೇಟರುಗಳ ಕಣ್ಣೆದುರೇ ಪರದೆಯ ಮೇಲಿನ ಬಾಣ ತನ್ನಷ್ಟಕ್ಕೆ ಸರಿದಾಡಿ ಒಂದೊಂದೇ ಬ್ರೇಕರ್ ಬಿಚ್ಚತೊಡಗಿತು. ಕಂಟ್ರೋಲ್ ರೂಮಿನ ಯುಪಿಎಸ್ ಕೂಡ ಆರಿತು. ಗ್ರಾಹಕರು ದೂರು ಹೇಳದಂತೆ ಕಾಲ್ ಸೆಂಟರಿಗೆ ಸುಳ್ಳು ಕರೆಗಳ ಮಳೆ. ಸ್ಟೇಷನ್ನುಗಳಿಗೆ ಆಜ್ಞೆ ಸಾಗಿಸುವ ಪೆಟ್ಟಿಗೆಗಳ ಒಳಗಿನ ತಂತ್ರಾಂಶವನ್ನೂ ಅಳಿಸಿದ್ದರು, ದೂರದಿಂದ ಮತ್ತೆ ಬ್ರೇಕರ್ ಹಾಕಲು ಆಗದಂತೆ. ಸುಮಾರು 2,25,000 ಗ್ರಾಹಕರಿಗೆ ಚಳಿಗಾಲದಲ್ಲಿ ಕರೆಂಟು ಹೋಯಿತು. ಇಮೇಲು, ಯುಪಿಎಸ್ಸು, ಟೆಲಿಫೋನು ಮೂರನ್ನೂ ಯಾವ ನಮೂನೆಯಲ್ಲಿ ಬರೆದರೂ ಬೇರೆ ಬೇರೆ ಸಾಲು. ಟೆಲಿಫೋನಿಗಂತೂ ಹಸಿರು ಬಣ್ಣವೇ ಗ್ಯಾರಂಟಿ. ಬಂದವರು ಮೂರನ್ನೂ ಸೇರಿಸಿ ಒಂದು ದೇಹ ಮಾಡಿಕೊಂಡು ಬಂದರು.

ಇನ್ನು ಸಂಭವದ ಅಂಕ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲಿಗೆ ಲೈನುಗಳು ಟ್ರಿಪ್ ಆಗುವುದು ಮಾಮೂಲು. ಹಳೆಯ ಲಾಗ್ ಬುಕ್ ತಿರುವಿ ಎಣಿಸಿದರೆ ಮುಂದಿನ ವರ್ಷಕ್ಕೂ ಅಂದಾಜು ಸಿಗುತ್ತದೆ. ಸಿಡಿಲಿಗೆ ನಮ್ಮ ಮೇಲೆ ಹಗೆಯಿಲ್ಲ. ನಾವು ಅರೆಸ್ಟರ್ ಹಾಕಿದ್ದನ್ನು ನೋಡಿ ಅದು ದಾರಿ ಬದಲಿಸುವುದಿಲ್ಲ. ಮನಸ್ಸುಳ್ಳ ಶತ್ರು ಹಾಗಲ್ಲ. ಹಿಂದಿನ ಐದು ವರ್ಷದಲ್ಲಿ ಎಷ್ಟು ಸಲ ಬಂದ ಎಂದು ಕೇಳಿ, ಸೊನ್ನೆ ಎಂದು ಬರೆದು, ಅದಕ್ಕೆ 1 ಅಂಕ ಕೊಡುವುದು ನನ್ನ ಮಟ್ಟಿಗೆ ತರ್ಕದೋಷ. ಈ ದೋಷವನ್ನು ನಮ್ಮ ಮೀಮಾಂಸಕರು ಕಂಪ್ಯೂಟರು ಬರುವ ಸಾವಿರ ವರ್ಷ ಮೊದಲೇ ಕಂಡಿದ್ದರು. ಕಾಣದಿರುವುದೂ ಒಂದು ಪ್ರಮಾಣ, ಅದರ ಹೆಸರು ಅನುಪಲಬ್ಧಿ, ಎಂದರು ಕುಮಾರಿಲನ ಕಡೆಯವರು, ಅದ್ವೈತಿಗಳೂ ಒಪ್ಪಿದರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂದು ತಿಳಿಯಬಹುದು. ಆದರೆ ಷರತ್ತೊಂದಿದೆ: ಇದ್ದಿದ್ದರೆ ಕಾಣುವಂಥ ವಸ್ತುವಾಗಿರಬೇಕು. ಕೋಣೆಯಲ್ಲಿ ಪಿಶಾಚಿ ಕಾಣಲಿಲ್ಲ, ಆದ್ದರಿಂದ ಪಿಶಾಚಿ ಇಲ್ಲ ಎನ್ನಲು ಬರುವುದಿಲ್ಲ, ಯಾಕೆಂದರೆ ಇದ್ದರೂ ಅದು ಕಾಣುವಂಥದ್ದಲ್ಲ. ಯಾರು ಯಾವಾಗ ಒಳಗೆ ಬಂದರೆಂಬ ದಾಖಲೆಯನ್ನೇ ಇಡದ ಘಟಕ "ನಮ್ಮಲ್ಲಿ ಇದುವರೆಗೆ ಯಾರೂ ನುಗ್ಗಿಲ್ಲ" ಎಂದರೆ ಅದು ಪಿಶಾಚಿಯ ಬಗ್ಗೆ ಕೊಟ್ಟ ಪ್ರಮಾಣಪತ್ರ.

2019ರ ಅಕ್ಟೋಬರ್ 29ರಂದು ಕೂಡಂಕುಳಂ ಅಣುಸ್ಥಾವರದಿಂದ ಪ್ರಕಟಣೆ ಬಂತು: ನಮ್ಮ ನಿಯಂತ್ರಣ ವ್ಯವಸ್ಥೆ ಹೊರಜಾಲಕ್ಕೆ ಜೋಡಿಸಿದ್ದಲ್ಲ, ದಾಳಿ ಸಾಧ್ಯವೇ ಇಲ್ಲ. ಮರುದಿನ ಸ್ಥಾವರ ನಡೆಸುವ ಎನ್.ಪಿ.ಸಿ.ಐ.ಎಲ್. ಹೇಳಿತು: ಆಡಳಿತದ ಕೆಲಸಕ್ಕೆ ಇಂಟರ್ನೆಟ್ಟಿಗೆ ಜೋಡಿಸಿದ್ದ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಇದ್ದದ್ದು ನಿಜ, ಸೆಪ್ಟೆಂಬರ್ 4ರಂದೇ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಎಚ್ಚರಿಸಿತ್ತು. ಸ್ಥಾವರದ ಒಳವ್ಯವಸ್ಥೆಗೆ ಏನೂ ಆಗಿರಲಿಲ್ಲ ಎಂಬುದೂ ಅದೇ ಹೇಳಿಕೆಯಲ್ಲಿತ್ತು. ಎರಡು ಹೇಳಿಕೆಗಳೂ ಅಕ್ಷರಶಃ ಸುಳ್ಳಲ್ಲ, ಗುಹಾಸುರನ ವರದ ಹಾಗೆ. ನನಗೆ ಕಿವಿಗೆ ಚುಚ್ಚುವುದು "ಸಾಧ್ಯವೇ ಇಲ್ಲ" ಎಂಬ ಮಾತು. ಅದೇ ಎನ್.ಪಿ.ಸಿ.ಐ.ಎಲ್.ನ ಕೈಗಾದಿಂದ ಹೊರಟ 400 ಕೆ.ವಿ. ಮಾರ್ಗ ಘಟ್ಟ ಹತ್ತಿ ಬಂದು ಸೇರುವುದು ಹರಿಹರದ ಪಕ್ಕದ ಗುತ್ತೂರಿನ ಸ್ವೀಕರಣಾ ಕೇಂದ್ರಕ್ಕೆ. ನಮ್ಮ ಮನೆಯ ಮಿಕ್ಸರಿನವರೆಗೂ ಅದರ ಸಂಬಂಧ ಉಂಟು.

ಸಂಬಂಧ ಎಂದೊಡನೆ ಬೃಹದಾರಣ್ಯಕದ ಒಂದು ಪ್ರಸಂಗ ನೆನಪಾಗುತ್ತದೆ. ಮೊದಲಿಗೆ ಒಬ್ಬನೇ ಇದ್ದ. ಒಬ್ಬನೇ ಎಂದು ಹೆದರಿದ. ಆಮೇಲೆ, ನಾನಲ್ಲದೆ ಇನ್ನೊಬ್ಬನೇ ಇಲ್ಲವಲ್ಲ, ಯಾರಿಗೆ ಹೆದರಲಿ ಎಂದು ಯೋಚಿಸಿದ, ಭಯ ಹೋಯಿತು. ಭಯ ಬರುವುದು ಎರಡನೆಯದರಿಂದ. ಪ್ರವಚನಕಾರರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಉಪನಿಷತ್ತು ನಿಲ್ಲುವುದಿಲ್ಲ. ಮುಂದಿನ ಉಸಿರಿನಲ್ಲೇ ಹೇಳುತ್ತದೆ: ಭಯವೇನೋ ಹೋಯಿತು, ಆದರೆ ಒಬ್ಬನಿಗೇ ಸಂತೋಷವಾಗಲಿಲ್ಲ, ಎರಡನೆಯದನ್ನು ಬಯಸಿದ.

ದಕ್ಷಿಣದ ವಿದ್ಯುತ್ ಜಾಲದ ಕಥೆ ಹೆಚ್ಚುಕಡಿಮೆ ಇಷ್ಟೇ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೆಯ ದಿನ 60 ಕೋಟಿಗೂ ಮಿಕ್ಕ ಜನರ ನಾಡು ಕತ್ತಲಾಯಿತು. ಅದು ಸೈಬರ್ ದಾಳಿಯೇನಲ್ಲ, ಮಿತಿಮೀರಿದ ಹೊರೆ. ನಮಗೆ ಏನೂ ಆಗಲಿಲ್ಲ. ಯಾಕೆಂದರೆ ಆಗ ದಕ್ಷಿಣದ ಜಾಲ ತನ್ನದೇ ತಾಳದಲ್ಲಿ ಬೇರೆಯೇ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾರ್ಜ್ ಆಯಿತು, ದೇಶವೆಲ್ಲ ಒಂದೇ ಜಾಲವಾಯಿತು. ಉತ್ತರದಲ್ಲಿ ಮಿಕ್ಕ ವಿದ್ಯುತ್ತು ನಮಗೆ ಬರುವ ದಾರಿ ಅಗಲವಾಯಿತು. ಅವರ ಕತ್ತಲೆ ಬರುವ ದಾರಿಯೂ. ಕರೆಂಟ್ ಕಡಿತದ ದಿನಗಳಲ್ಲಿ ರೈತರಿಂದ ಬೈಗುಳ ತಿಂದವನಾಗಿ ಹೇಳುತ್ತೇನೆ, ಒಬ್ಬರೇ ಇದ್ದಾಗ ನಾವು ಸುಖವಾಗಿರಲಿಲ್ಲ. ಹಾಗಾಗಿ "ಎಲ್ಲ ಕಂಪ್ಯೂಟರ್ ಕಿತ್ತು ಬಿಸಾಕಿ, ಹಿಂದಿನ ಹಾಗೆ ಕೈಯಲ್ಲೇ ನಡೆಸಿ" ಎನ್ನುವ ನನ್ನ ವಾರಿಗೆಯ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರವಿದ್ಯುತ್ತು ಒಂದು ಮೋಡಕ್ಕೆ ಇಳಿದು ಏರುವಾಗ ಟೆಲಿಫೋನಿನಲ್ಲಿ ಹಲೋ ಹಲೋ ಎನ್ನುತ್ತ ಜಾಲ ನಡೆಸಲಾಗದು. ಎರಡನೆಯದು ಬೇಕು. ಭಯವೂ ಅದರ ಜೊತೆಗೇ ಬರುತ್ತದೆ.

ಹಾಗಾದರೆ ಎರಡನೆಯದನ್ನು ನಂಬುವುದು ಹೇಗೆ? ನನ್ನ ಇಡೀ ನೌಕರಿಯಲ್ಲಿ ಇದಕ್ಕೆ ಉತ್ತರದಂಥದ್ದು ಕಂಡದ್ದು ಒಂದೇ ಕಡೆ, ಲೈನ್ ಕ್ಲಿಯರ್ ಕೊಡುವಲ್ಲಿ. ಎಲ್.ಸಿ. ಎಂದರೆ ವಿದ್ಯುತ್ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. ಕಂಬ ಹತ್ತುವ ಮೊದಲು ಲೈನ್‌ಮನ್ ಸ್ಟೇಷನ್ನಿಗೆ ಫೋನು ಮಾಡಿ ಇಂಥ ಫೀಡರಿನ ಎಲ್.ಸಿ. ಬೇಕು ಎನ್ನುತ್ತಾನೆ. ಆಪರೇಟರು ಬ್ರೇಕರ್ ತೆಗೆದು, ಐಸೋಲೇಟರ್ ಬಿಚ್ಚಿ, ಅರ್ಥ್ ಮಾಡಿ, ರಿಜಿಸ್ಟರಿನಲ್ಲಿ ನಂಬರು, ಹೆಸರು, ಹೊತ್ತು ಬರೆದು, ಆ ನಂಬರು ಹೇಳುತ್ತಾನೆ. ಅತ್ತಲಿಂದ ತಿರುಗಿ ಹೇಳಿಸಿಕೊಳ್ಳುತ್ತಾನೆ. ಎಲ್.ಸಿ. ತೆಗೆದುಕೊಂಡವನೇ ವಾಪಸು ಕೊಡಬೇಕು; ಅವನ ಸಾಹೇಬರು ಬಂದು ಕೇಳಿದರೂ ಲೈನ್ ಚಾರ್ಜ್ ಮಾಡುವಂತಿಲ್ಲ. ರಾತ್ರಿ ಪಾಳಿಯಲ್ಲಿ ಫೋನಿನಲ್ಲಿ ದನಿ ಕೇಳಿದೊಡನೆ ಯಾರೆಂದು ತಿಳಿಯುತ್ತಿತ್ತು, ನೆಗಡಿಯಾಗಿದ್ದರೂ. ಇಷ್ಟೆಲ್ಲ ಆದ ಮೇಲೂ ಬುದ್ಧಿವಂತ ಲೈನ್‌ಮನ್ ಕಂಬದ ಹತ್ತಿರ ಏನು ಮಾಡುತ್ತಾನೆ? ತನ್ನದೇ ಅರ್ಥ್ ರಾಡ್ ತೆಗೆದು, ಮೊದಲು ನೆಲಕ್ಕೆ ಸಿಕ್ಕಿಸಿ, ಆಮೇಲೆ ಲೈನಿಗೆ ತಾಗಿಸುತ್ತಾನೆ. ಆಪರೇಟರಿನ ಮೇಲೆ ಅಪನಂಬಿಕೆಯೇ? ಅಲ್ಲ. ನಂಬಿದ್ದರಿಂದಲೇ ಕಂಬದವರೆಗೆ ಬಂದ. ಆದರೆ ಜೀವವನ್ನು ಮಾತಿನ ಮೇಲೆ ಮಾತ್ರ ಇಡುವುದಿಲ್ಲ.

ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಫೋನಿನ ಮಾತು ಶಬ್ದಪ್ರಮಾಣ, ರಾಡಿನ ತುದಿ ಪ್ರತ್ಯಕ್ಷ. ಆಪ್ತನಾದವನ ಮಾತೇ ಶಬ್ದಪ್ರಮಾಣ ಎಂದು ಗೌತಮನ ಸೂತ್ರದವರು ಕಟ್ಟುಮಾಡಿದ್ದು ಸುಮ್ಮನೆ ಅಲ್ಲ. ಈಗಿನ ಕಂಟ್ರೋಲ್ ರೂಮಿಗೆ ಹೋಗಿ ನೋಡಿ: ಪರದೆಯ ಮೇಲೆ 220 ಕೆ.ವಿ. ಎಂದು ಹಸಿರು ಅಂಕಿ, ಬ್ರೇಕರಿಗೆ ಕೆಂಪು ಚೌಕ. ಆಪರೇಟರು "ನಾನೇ ಕಣ್ಣಾರೆ ಕಂಡೆ" ಎನ್ನುತ್ತಾನೆ. ಕಂಡದ್ದು ಬ್ರೇಕರನ್ನಲ್ಲ. ದೂರದಲ್ಲೊಂದು ಪೆಟ್ಟಿಗೆ ಹೀಗಿದೆ ಎಂದು ಹೇಳಿತು, ಅದನ್ನು ಇನ್ನೊಂದು ಪೆಟ್ಟಿಗೆ ಕೇಳಿ ಬರೆಯಿತು. ಪ್ರತ್ಯಕ್ಷದ ವೇಷ ಹಾಕಿದ ಶಬ್ದ ಅದು. ನತಾಂಜ್‌ನಲ್ಲಿ ಸ್ಟಕ್ಸ್‌ನೆಟ್ ಆಡಿದ ಆಟವೂ ಇದರ ಮೇಲೇ: ಘಟಕದ ಸೆಂಟ್ರಿಫ್ಯೂಜ್ ಯಂತ್ರಗಳನ್ನು ಕೆಡಿಸುವಾಗ, ಎಲ್ಲ ಸರಿಯಿದ್ದಾಗ ಹಿಡಿದಿಟ್ಟುಕೊಂಡಿದ್ದ ಅಂಕಿಗಳನ್ನು ಪರದೆಗೆ ಮತ್ತೆ ಮತ್ತೆ ಕಳಿಸುತ್ತಿತ್ತು. ಯಂತ್ರ ಸಾಯುತ್ತಿತ್ತು, ಪರದೆ ಆರೋಗ್ಯ ಹೇಳುತ್ತಿತ್ತು. ಆಜ್ಞೆಯ ದಿಕ್ಕಿನಲ್ಲೂ ಇದೇ ಹಣೆಬರಹ. 1979ರ ಮಾಡ್‌ಬಸ್‌ನಿಂದ ಹಿಡಿದು ಇಂದಿಗೂ ಓಡುತ್ತಿರುವ ಹಲವು ಸಂವಹನ ಪದ್ಧತಿಗಳಲ್ಲಿ, ಈ ಆಜ್ಞೆ ಕೊಟ್ಟವನು ಯಾರು ಎಂದು ಯಂತ್ರ ಕೇಳುವ ಏರ್ಪಾಡೇ ಇರಲಿಲ್ಲ. ಎಲ್.ಸಿ. ರಿಜಿಸ್ಟರಿಗೆ ಇದ್ದಷ್ಟು ಸಂಶಯವೂ ಅದಕ್ಕಿಲ್ಲ.

ಉಕ್ರೇನಿನವರು ಅಂದು ಉಳಿದುಕೊಂಡದ್ದು ಹೇಗೆಂದರೆ, ಸಿಬ್ಬಂದಿ ಗಾಡಿ ಹತ್ತಿ ಸ್ಟೇಷನ್ನುಗಳಿಗೆ ಹೋಗಿ ಬ್ರೇಕರುಗಳನ್ನು ಕೈಯಿಂದಲೇ ಹಾಕಿದರು. ಕೆಲವೇ ಗಂಟೆಗಳಲ್ಲಿ ಕರೆಂಟ್ ಬಂತು. ಕೈಯಿಂದ ಹಾಕುವ ಹಿಡಿಕೆ ಅಲ್ಲಿ ಇನ್ನೂ ಇತ್ತು, ಹಾಕಲು ಬರುವವರೂ ಇದ್ದರು.

ಕಾನೂನುಗಳು ಇಲ್ಲವೆಂದಲ್ಲ. ನಿರ್ಣಾಯಕ ಮೂಲಸೌಕರ್ಯ ಕಾಯಲು 2014ರಿಂದ ರಾಷ್ಟ್ರೀಯ ಕೇಂದ್ರವೊಂದು ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರಲ್ಲಿ ಮಾರ್ಗಸೂಚಿ ತಂದಿದೆ. ದಾಳಿ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರಿಂದ ನಿಯಮವಿದೆ. ಒಳ್ಳೆಯದೇ. ನನ್ನ ತಕರಾರು ಇರುವುದು ನಮೂನೆಯ ಕೊನೆಯ ಕಾಲಂ ಬಗ್ಗೆ, ಪರಿಣಾಮ ಎಂಬುದರ ಬಗ್ಗೆ.

ದಾವಣಗೆರೆ ಕುಡಿಯುವ ನೀರು ಒಂದು ಪಾಲು ಭದ್ರಾ ನಾಲೆಯಿಂದ ಕುಂದುವಾಡ ಕೆರೆಗೆ, ಟಿ.ವಿ. ಸ್ಟೇಷನ್ ಕೆರೆಗೆ ಬರುತ್ತದೆ. ಇನ್ನೊಂದು ಪಾಲು ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿ ತರುವುದು. ರಾಜನಹಳ್ಳಿಯ ಪಂಪುಗಳು ಒಂದು ದಿನ ನಿಂತವು ಅಂದುಕೊಳ್ಳೋಣ, ದಾಳಿಯಿಂದಲೇ ಆಗಬೇಕೆಂದಿಲ್ಲ. ಎಷ್ಟು ಅಂಕ? ನಮ್ಮ ಮನೆಯಲ್ಲಿ ನೆಲದೊಳಗೆ ಸಂಪು, ಮೇಲೆ ಟ್ಯಾಂಕು. ಮೂರು ದಿನ ನನಗೆ ಸುದ್ದಿಯೇ ಗೊತ್ತಾಗದು: 1. ಬೀದಿ ನಲ್ಲಿಯ ಮುಂದೆ ಪ್ಲಾಸ್ಟಿಕ್ ಕೊಡ ಸಾಲಿಟ್ಟು ಕಾಯುವ ಮನೆಗೆ ಅದೇ ಸಂಜೆ ಅಡುಗೆಗೆ ನೀರಿಲ್ಲ: 5. ಘಟನೆ ಒಂದೇ, ಅಂಕ ಹಾಕುವ ಪೆನ್ನು ಯಾರ ಕೈಯಲ್ಲಿದೆ ಎಂಬುದರ ಮೇಲೆ ಬಣ್ಣ ಬದಲು. ತಮ್ಮನ ಮಗಳ ನಮೂನೆಯಲ್ಲಿ ಪರಿಣಾಮವನ್ನು ಅಳೆಯುವುದು ಲಕ್ಷ ರೂಪಾಯಿಗಳಲ್ಲಿ. ಕೊಡದ ಸಾಲಿಗೆ ಅಲ್ಲಿ ಬೆಲೆಯೇ ಬೀಳುವುದಿಲ್ಲ.

2021ರ ಫೆಬ್ರವರಿಯಲ್ಲಿ ಅಮೆರಿಕದ ಫ್ಲಾರಿಡಾದ ಓಲ್ಡ್ಸ್‌ಮಾರ್ ಎಂಬ ಸಣ್ಣ ಊರಿನ ನೀರಿನ ಘಟಕದಲ್ಲಿ ಕಂಪ್ಯೂಟರಿನಲ್ಲಿ ನಿಗದಿ ಮಾಡಿದ್ದ ಕಾಸ್ಟಿಕ್ ಸೋಡಾದ ಪ್ರಮಾಣ ದಶಲಕ್ಷಕ್ಕೆ 100 ಭಾಗ ಇದ್ದದ್ದು 11,100ಕ್ಕೆ ಏರಿತು. ಕಂಡ ಆಪರೇಟರು ತಕ್ಷಣ ಇಳಿಸಿದ. ಹೊರಗಿನವರ ದಾಳಿ ಎಂದು ಮೊದಲು ಜಗತ್ತೆಲ್ಲ ಸುದ್ದಿಯಾಯಿತು. ಆಮೇಲೆ ಒಳಗಿನವರ ಕೈತಪ್ಪೇ ಇರಬಹುದು ಎಂಬ ಮಾತು ಬಂತು. ಕುಡಿಯುವ ಮಗುವಿಗೆ ಈ ವ್ಯತ್ಯಾಸದಿಂದ ಏನು? ಯಾರು ಬಂದಾರು ಎಂಬಲ್ಲಿಂದ ಹೊರಟರೆ ಇಂಥ ಕಡೆ ದಾರಿ ತಪ್ಪುತ್ತದೆ. ಏನು ಆಗಲೇಕೂಡದು ಎಂಬಲ್ಲಿಂದ ಹೊರಟರೆ, ಗಣಕ ಎಷ್ಟೇ ಹೇಳಲಿ, ಆ ಮಟ್ಟಕ್ಕಿಂತ ಹೆಚ್ಚು ಸುರಿಯಲಾಗದಷ್ಟು ಸಣ್ಣ ಪಂಪು ಹಾಕಬಹುದು. ಅದಕ್ಕೆ ಪಾಸ್‌ವರ್ಡ್ ಬೇಡ. ಅಮೆರಿಕದ ಐಡಾಹೋ ರಾಷ್ಟ್ರೀಯ ಪ್ರಯೋಗಾಲಯದವರು ಈಗ ಈ ದಾರಿಯಲ್ಲೇ ಬೋಧಿಸುತ್ತಿದ್ದಾರೆ: ಶತ್ರು ಒಳಗೆ ಬಂದೇ ಬರುತ್ತಾನೆ ಎಂದಿಟ್ಟುಕೊಂಡು ಶುರುಮಾಡಿ.

ವರ ಬೇಡಿದವರಲ್ಲಿ ಹೀಗೆ ಯೋಚಿಸಿದವನು ನಚಿಕೇತ. ಸಾವಿನ ಮನೆಯಲ್ಲೇ ನಿಂತು, ಸಾವೇ ಎದುರು ಕೂತು ಕೇಳು ಎಂದಾಗ, ನನಗೆ ಇಂಥವರಿಂದ ಸಾವು ಬೇಡ ಎಂದು ಪಟ್ಟಿ ಕೊಡಲಿಲ್ಲ. ಮೊದಲ ವರದಲ್ಲಿ ಮನೆಯಲ್ಲಿರುವ ಅಪ್ಪನ ಮನಸ್ಸಿನ ನೆಮ್ಮದಿ ಕೇಳಿದ.

ಇದನ್ನೆಲ್ಲ ಹೇಳಿದ್ದಕ್ಕೆ ತಮ್ಮನ ಮಗಳು ಮಂಡಕ್ಕಿಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಆಮೇಲೆ, "ಪರಿಣಾಮದ ಕಾಲಂ ತುಂಬೋಕೆ ಯಾರನ್ನ ಕರೀಬೇಕು ಅಂತೀರಾ?" ಅಂದಳು.

"ನೀರಿಗೆ ಕೊಡ ಇಡೋರನ್ನ. ಆಸ್ಪತ್ರೆ ರಾತ್ರಿ ಪಾಳಿ ನರ್ಸ್‌ನ. ಲೈನ್‌ಮನ್‌ನ."

"ಎಲ್ರಿಗೂ ರಜ ಹಾಕ್ಸಿ, ಬಸ್ ಚಾರ್ಜ್ ಕೊಟ್ಟು, ಎರಡು ದಿನದ ಮೀಟಿಂಗಿಗೆ ಕೂರಿಸಿದ್ರೆ ನಮ್ ಮ್ಯಾನೇಜರ್ ನನ್ನೇ ರಿಸ್ಕ್ ಅಂತ ಬರ್ಕೋತಾನೆ."

"ಎಷ್ಟು ಅಂಕ ಕೊಡ್ತಾನೆ?"

"ಸಂಭವ ಐದು" ಅಂದಳು. "ಪರಿಣಾಮ ನೀವೇ ಹಾಕ್ಕಳಿ. ಆದ್ರೆ ಲೈನ್‌ಮನ್ ಒಬ್ರನ್ನ ಕರೆಸ್ಬಹುದು ದೊಡ್ಡಪ್ಪಾ, ಮುಂದಿನ ತಿಂಗಳ ಸೈಟಿಗೆ. ಆ ಅರ್ಥ್ ರಾಡಿನ ವಿಷಯ ಇನ್ನೊಂದ್ಸಲ ಹೇಳ್ರಿ, ಮೊದ್ಲು ಯಾವ ತುದಿ ಅಂದ್ರಿ?"